ಎಲ್ಲ ಜಗಳವೂ ಗ್ಯಾಸ್‌ಲೈಟಿಂಗ್ ಅಲ್ಲ

‘ಅವನು ನನ್ನ ಗ್ಯಾಸ್‌ಲೈಟ್ ಮಾಡ್ತಿದಾನೆ’ ಅನ್ನೋದು ಈಗ ರೀಲ್ಸ್‌ನಿಂದ ಹಾಸ್ಟೆಲ್ ರೂಮಿನವರೆಗೆ ಕೇಳಿಬರುವ ಮಾತು. ಸುಳ್ಳು ಹೇಳಿದರೂ ಗ್ಯಾಸ್‌ಲೈಟಿಂಗ್, ನಮ್ಮ ವಾದ ಒಪ್ಪದಿದ್ದರೂ ಗ್ಯಾಸ್‌ಲೈಟಿಂಗ್!

ಈ ಪದದ ಮೂಲ ಪ್ಯಾಟ್ರಿಕ್ ಹ್ಯಾಮಿಲ್ಟನ್ ಅವರ 1938ರ ‘ಗ್ಯಾಸ್ ಲೈಟ್’ ನಾಟಕ. 1944ರಲ್ಲಿ ಇಂಗ್ರಿಡ್ ಬರ್ಗ್‌ಮನ್ ನಟಿಸಿದ ಹಾಲಿವುಡ್ ಸಿನಿಮಾವೂ ಬಂತು. ಕದ್ದುಮುಚ್ಚಿ ಒಡವೆ ಹುಡುಕಲು ಗಂಡ ರಾತ್ರಿ ಮಹಡಿಯಲ್ಲಿ ದೀಪ ಹಚ್ಚುತ್ತಾನೆ. ಕೆಳಗೆ ಹೆಂಡತಿಯ ಕೋಣೆಯ ಗ್ಯಾಸ್ ದೀಪ ಮಂಕಾಗುತ್ತದೆ. ವಸ್ತುಗಳನ್ನು ತಾನೇ ಬಚ್ಚಿಟ್ಟು, ಕಳೆದದ್ದು ನೀನೇ, ನಿನಗೆ ಮರೆವು ಎಂದು ಅವಳನ್ನು ನಂಬಿಸುತ್ತಾನೆ. ಕಡೆಗೆ ಅವಳಿಗೆ ತಾನು ಕಣ್ಣಾರೆ ಕಂಡದ್ದರ ಮೇಲೂ ನಂಬಿಕೆ ಉಳಿಯುವುದಿಲ್ಲ.

ಅಂದರೆ ಒಬ್ಬರು ತಮ್ಮ ನೆನಪು, ಬುದ್ಧಿಯನ್ನೇ ಅನುಮಾನಿಸುವಂತೆ ಮತ್ತೆ ಮತ್ತೆ ಮಾಡುವುದು ಗ್ಯಾಸ್‌ಲೈಟಿಂಗ್. ‘ನಾನ್ಯಾವಾಗ ಹಾಗಂದೆ? ನಿಂಗೆ ತಲೆ ಕೆಟ್ಟಿದೆ’ ಅಂತ ದಿನಾ ಕೇಳಿಸಿಕೊಳ್ಳುವವಳ ಪಾಡು ಅದು. ‘ನೀನು ಹೇಳ್ತಿರೋದು ತಪ್ಪು’ ಅಂದ ಗೆಳೆಯನದ್ದು ಭಿನ್ನಾಭಿಪ್ರಾಯ. ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದವನು ಸುಳ್ಳುಬುರುಕ, ಅಷ್ಟೇ. (ಅಂಥವನಿಗೆ ಕನ್ನಡದಲ್ಲೇ ಬೇಕಾದಷ್ಟು ಬೈಗುಳ ಇವೆ.)

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮಾತಿನ ಹಿಂಸೆ, ಭಾವನಾತ್ಮಕ ಹಿಂಸೆಯನ್ನೂ ದೌರ್ಜನ್ಯ ಎಂದೇ ಪರಿಗಣಿಸುತ್ತದೆ. ಆದರೆ ಈ ಹಿಂಸೆಯಿಂದ ಮೈಮೇಲೆ ಬಾಸುಂಡೆ ಏಳುವುದಿಲ್ಲ. ಎಷ್ಟೋ ಸಲ ಅನುಭವಿಸಿದವಳ ಮಾತೊಂದೇ ಸಾಕ್ಷಿ. ಕಾಮೆಂಟ್ ಜಗಳಕ್ಕೆಲ್ಲ ಬಳಸಿ ನಾವು ಆ ಪದವನ್ನು ಸವೆಸಿಬಿಟ್ಟರೆ, ‘ಇವಳದ್ದೂ ಅದೇ ಡ್ರಾಮಾ’ ಅನ್ನುವವರಿಗೆ ಕೆಲಸ ಸಲೀಸು. ಇಂಗ್ಲಿಷ್ ಪದವೇ ಬೇಕು ಅಂತಲೂ ಇಲ್ಲ. ‘ನಡೆದದ್ದನ್ನೇ ನಡೆದಿಲ್ಲ ಅಂತಾನೆ, ಈಗೀಗ ನಂಗೇ ನನ್ನ ಮೇಲೆ ಅನುಮಾನ’ ಅಂದರೆ ಪೊಲೀಸರಿಗೂ ಅರ್ಥವಾಗುತ್ತೆ, ಅಮ್ಮನಿಗೂ ಅರ್ಥವಾಗುತ್ತೆ.