ಕೊಟ್ಟಿಗೆಯ ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲಿ
ಸಹೋದರಿಯರೇ, ನಿಮ್ಮ ಕೊಟ್ಟಿಗೆಯ ಕಬ್ಬಿಣದ ಕಂಬಗಳ ಬುಡವನ್ನು ಒಮ್ಮೆ ನೋಡಿ. ಸಗಣಿ, ಗಂಜಲ ನಿಲ್ಲುವ ಆ ಜಾಗದಲ್ಲೇ ತುಕ್ಕು ಬೇಗ ಹಿಡಿಯುತ್ತದೆ. ತುಕ್ಕು ತಿಂದ ತಂತಿ, ಮೊಳೆ ಮುರಿದು ಗೋದಲಿಗೆ ಬಿದ್ದರೆ ಹಸು ಮೇವಿನ ಜೊತೆ ನುಂಗಿಬಿಡುತ್ತದೆ. ಅದು ಹೊಟ್ಟೆಯನ್ನು ಚುಚ್ಚಿ ಹೃದಯದವರೆಗೂ ಹೋಗಬಹುದು. ಹಸು ಮೇವು ಬಿಟ್ಟು ಬೆನ್ನು ಬಾಗಿಸಿ ನಿಂತರೆ ತಡಮಾಡದೆ ಪಶುವೈದ್ಯರಿಗೆ ತಿಳಿಸಿ.

ಮಳೆಗಾಲಕ್ಕೆ ಮೊದಲೇ ಹಸುಗಳನ್ನು ಹೊರಗೆ ಕಟ್ಟಿ, ಕಂಬ ತೊಳೆದು ಒಣಗಿಸಿ, ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ ತೆಗೆಯಿರಿ. ಬ್ರಷ್‌ನ ತಂತಿಯೂ ಉದುರುತ್ತದೆ. ಎಲ್ಲವನ್ನೂ ಗುಡಿಸಿ ದೂರ ಹಾಕಿ. ಮೊದಲು ರೆಡ್ ಆಕ್ಸೈಡ್ ಪ್ರೈಮರ್, ಅದು ಒಣಗಿದ ಮೇಲೆ ಎರಡು ಕೋಟ್ ಪೇಂಟ್ ಬಳಿಯಿರಿ. ಹಸು ಕಂಬ ನೆಕ್ಕುವುದರಿಂದ ಸೀಸವಿಲ್ಲದ ಬಣ್ಣವನ್ನೇ ಕೇಳಿ ತನ್ನಿ. ಪೂರ್ತಿ ಒಣಗಿದ ಮೇಲಷ್ಟೇ ಹಸುಗಳನ್ನು ಒಳಗೆ ಕಟ್ಟಿ.