ಕಣ್ಣಳತೆಗೆ ಸಿಗದ ಹುಡುಗರು

2007ರ ಬೇಸಿಗೆ. ಅಮೆರಿಕದ ಒರ್ಲ್ಯಾಂಡೊ ನಗರದಲ್ಲಿ ಹದಿನೆಂಟರ ತೆಳ್ಳನೆಯ ಹುಡುಗನೊಬ್ಬ ಬೆಂಚಿನ ಮೇಲೆ ಅಂಗಾತ ಮಲಗಿದ. ಅವನ ಎದೆಯ ಮೇಲಕ್ಕೆ ಸುಮಾರು 84 ಕಿಲೋ ತೂಕದ ಕಬ್ಬಿಣದ ಸರಳು ಬಂತು. ಅದನ್ನು ಎಷ್ಟು ಸಲ ಎತ್ತುತ್ತಾನೆ ಎಂಬುದನ್ನು ಬರೆದುಕೊಳ್ಳುವುದು ಆಗಿನ ಪದ್ಧತಿಯಾಗಿತ್ತು. ಹುಡುಗನ ಉದ್ದುದ್ದ ತೋಳುಗಳು ನಡುಗಿದವು, ಸರಳು ಮಾತ್ರ ಮೇಲೇಳಲಿಲ್ಲ. ಒಂದು ಸಲವೂ ಏಳಲಿಲ್ಲ. ಹಾಳೆಯ ಮೇಲೆ ಅವನ ಹೆಸರಿನ ಮುಂದೆ ಸೊನ್ನೆ ಬಿತ್ತು. ಆ ಹೆಸರು ಕೆವಿನ್ ಡುರಾಂಟ್.

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕೂಟವಾದ ಎನ್‌ಬಿಎಯಲ್ಲಿ ಹೊಸಬರ ಹಂಚಿಕೆಗೆ ಡ್ರಾಫ್ಟ್ ಎನ್ನುತ್ತಾರೆ. ಸರಳು ಎತ್ತಿಸುವುದು ಅದಕ್ಕೆ ಮುಂಚಿನ ಪರೀಕ್ಷೆಯಾಗಿತ್ತು. ಆಗ ವರ್ಷಕ್ಕೊಂದು ರಾತ್ರಿ 30 ತಂಡಗಳು ಎರಡು ಸುತ್ತುಗಳಲ್ಲಿ 60 ಮಂದಿಯನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತಿದ್ದವು. ಆ ವರ್ಷದ ಮೊದಲ ಸರದಿ ಪೋರ್ಟ್‌ಲೆಂಡ್ ತಂಡಕ್ಕೆ ಸಿಕ್ಕಿತ್ತು. ಅದು ಏಳಡಿಯ ಕಟ್ಟುಮಸ್ತಾದ ಗ್ರೆಗ್ ಓಡೆನ್‌ನನ್ನು ಕರೆಯಿತು, ಡುರಾಂಟ್ ಎರಡನೆಯವನಾಗಿ ಸಿಯಾಟಲ್‌ಗೆ ಹೋದ. ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದಾಗಿ ಓಡೆನ್ ಮೊದಲ ಋತುವಿನಲ್ಲಿ ಅಂಗಳಕ್ಕೇ ಇಳಿಯಲಿಲ್ಲ. ಇಡೀ ವೃತ್ತಿಜೀವನದಲ್ಲಿ ಅವನು ಆಡಿದ್ದು 105 ಪಂದ್ಯ. ಸರಳು ಎತ್ತಲಾರದ ಹುಡುಗ 2014ರಲ್ಲಿ ಕೂಟದ ಅತ್ಯಮೂಲ್ಯ ಆಟಗಾರನಾದ, ಆಮೇಲೆ ಎರಡು ಸಲ ಚಾಂಪಿಯನ್ ತಂಡದಲ್ಲಿದ್ದ.

ಇಂಥ ತಪ್ಪುಗಳಿಗೆ ಕೋಟಿಗಟ್ಟಲೆ ಡಾಲರ್ ಸುರಿದು ಬೇಸತ್ತವರಲ್ಲಿ ಹೂಸ್ಟನ್ ರಾಕೆಟ್ಸ್ ತಂಡದ ಆಗಿನ ಮಾಲೀಕ ಲೆಸ್ಲಿ ಅಲೆಕ್ಸಾಂಡರ್ ಒಬ್ಬ. ಷೇರುಪೇಟೆಯಲ್ಲಿ ಪಳಗಿದ್ದ ಆತನಿಗೆ, ‘ನೋಡಿದ ಕೂಡಲೇ ಗೊತ್ತಾಗಿಬಿಡುತ್ತೆ’ ಎನ್ನುವ ಹಳಬರ ಮಾತಿನ ಮೇಲೆ ನಂಬಿಕೆ ಹೋಗಿತ್ತು. 2006ರಲ್ಲಿ ಅವನು ಬಾಸ್ಟನ್ ಸೆಲ್ಟಿಕ್ಸ್ ತಂಡದಲ್ಲಿದ್ದ ಡ್ಯಾರಿಲ್ ಮೋರಿ ಎಂಬ 33ರ ತರುಣನನ್ನು ಕರೆಸಿಕೊಂಡ. ಮೋರಿ ಓಹಿಯೊದಲ್ಲಿ ಬೆಳೆದವನು. ಬೇಸ್‌ಬಾಲ್ ಆಟವನ್ನು ಅಂಕಿಗಳಲ್ಲಿ ಹೊಸದಾಗಿ ಓದಿ ತೋರಿಸಿದ ಬಿಲ್ ಜೇಮ್ಸ್‌ನ ಬರಹಗಳಿಗೆ ಹುಡುಗನಾಗಿದ್ದಾಗಲೇ ಮಾರುಹೋಗಿದ್ದ, ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದ್ದ. ವೃತ್ತಿಪರ ಬ್ಯಾಸ್ಕೆಟ್‌ಬಾಲನ್ನು ಒಂದು ನಿಮಿಷವೂ ಆಡಿದವನಲ್ಲ. ಮರುವರ್ಷವೇ ಇಡೀ ತಂಡದ ಆಯ್ಕೆಯ ಹೊಣೆ ಅವನ ಹೆಗಲೇರಿತು.

ಮೋರಿಯ ಯೋಜನೆ ಕೇಳಲು ಸರಳವಾಗಿತ್ತು. ಹಿಂದೆ ಕಾಲೇಜಿನಿಂದ ಎನ್‌ಬಿಎಗೆ ಬಂದವರ ಹಳೆಯ ದಾಖಲೆಗಳನ್ನೆಲ್ಲ ಗುಡ್ಡೆ ಹಾಕುವುದು. ಕಾಲೇಜಿನಲ್ಲಿ ಯಾವ ಗುಣ ಕಂಡವರು ಮುಂದೆ ಬಹುಕಾಲ ಬಾಳಿದರು, ಯಾವುದು ಬರೀ ಹೊಳಪಾಗಿ ಉಳಿಯಿತು ಎಂದು ಕಂಪ್ಯೂಟರಿನಿಂದ ಹೆಕ್ಕಿಸುವುದು. ಕೆಲಸ ಶುರುವಾದ ಮೇಲೆ ಮಾಮೂಲಿ ಅಂಕಿಗಳೇ ಎಷ್ಟು ದಾರಿ ತಪ್ಪಿಸುತ್ತವೆ ಎಂಬುದು ಕಂಡಿತು. ಪಂದ್ಯಕ್ಕೆ 15 ಅಂಕ ಗಳಿಸುವವನು ಪಂದ್ಯವಿಡೀ ಅಂಗಳದಲ್ಲಿದ್ದನೋ, ಅರ್ಧ ಹೊತ್ತು ಬೆಂಚಿನಲ್ಲಿ ಕುಳಿತಿದ್ದನೋ? ಅವನ ತಂಡ ಓಡೋಡಿ ಆಡುವ ತಂಡವೋ, ಚೆಂಡು ಹಿಡಿದು ಕಾಲ ತಳ್ಳುವ ತಂಡವೋ? ಎಲ್ಲವನ್ನೂ ನಿಮಿಷದ ಲೆಕ್ಕಕ್ಕೆ ಇಳಿಸಿದಾಗ ಹೆಸರುಗಳ ಪಟ್ಟಿಯೇ ಮೇಲುಕೆಳಗಾಯಿತು.

ಮೊದಲ ಫಲ ಬೇಗ ಸಿಕ್ಕಿತು. 2007ರಲ್ಲಿ 31ನೆಯ ಸರದಿಯಲ್ಲಿ ಸಿಯಾಟಲ್ ಆರಿಸಿದ್ದ ಕಾರ್ಲ್ ಲ್ಯಾಂಡ್ರಿಯನ್ನು ಹೂಸ್ಟನ್ ಕೊಂಡುಕೊಂಡಿತು. ಮರುವರ್ಷ ಅವನು ಆ ಸಾಲಿನ ಹತ್ತು ಅತ್ಯುತ್ತಮ ಹೊಸಬರ ಪಟ್ಟಿಗೆ ಸೇರಿದ. ಲೆಕ್ಕ ಗೆದ್ದಂತೆ ಕಂಡಿತು.

ಆದರೆ ಅದೇ ಡ್ರಾಫ್ಟಿನ ಕೋಣೆಯಲ್ಲಿ ಬೇರೊಂದು ಅನಾಹುತ ನಡೆದುಹೋಗಿತ್ತು. ಸ್ಪೇನಿನ ಮಾರ್ಕ್ ಗಸೋಲ್ ಎಂಬ ಏಳಡಿಯ ಹುಡುಗನನ್ನು ಮೋರಿಯ ಲೆಕ್ಕ ಮೆಚ್ಚಿತ್ತು. ಅಷ್ಟರಲ್ಲಿ, ಹೊಸ ಆಟಗಾರರನ್ನು ಹುಡುಕುವ ತಂಡದ ಶೋಧಕರಿಗೆ ಆ ಹುಡುಗನ ಅಂಗಿಯಿಲ್ಲದ ಫೋಟೊ ಒಂದು ಸಿಕ್ಕಿತು. ದುಂಡು ಮೋರೆ, ಕೊಬ್ಬಿದ ಮೈ, ಜೋಲುವ ಎದೆ. ಅವರು ಆ ಎದೆಯನ್ನೇ ಆಡಿಕೊಂಡು ಅವನಿಗೊಂದು ಅಡ್ಡಹೆಸರು ಕಟ್ಟಿದರು. ಕೋಣೆಯ ತುಂಬ ನಗು. ಅಂಕಿಗಳ ಪರವಾಗಿ ಪಟ್ಟು ಹಿಡಿದು ನಿಲ್ಲುವಷ್ಟು ಧೈರ್ಯ ಹೊಸಬ ಮೋರಿಗೆ ಆ ದಿನ ಬರಲಿಲ್ಲ. ಗಸೋಲ್ 48ನೆಯ ಸರದಿಯವರೆಗೂ ಉಳಿದು ಬೇರೆಯವರ ಪಾಲಾದ. 2013ರಲ್ಲಿ ಅವನು ಎನ್‌ಬಿಎಯ ಅತ್ಯುತ್ತಮ ರಕ್ಷಣಾ ಆಟಗಾರನೆನಿಸಿದ, 2015ರಲ್ಲಿ ಕೂಟದ ಐವರು ಶ್ರೇಷ್ಠರಲ್ಲಿ ಒಬ್ಬನಾದ. ಒಂದು ಫೋಟೊ, ಒಂದು ಗೇಲಿಯ ಮಾತು ವರ್ಷಗಳ ಲೆಕ್ಕವನ್ನು ಮುಳುಗಿಸಿತ್ತು. ಅಲ್ಲಿಂದ ಮುಂದೆ ಹೂಸ್ಟನ್‌ನ ಆಯ್ಕೆ ಕೋಣೆಯಲ್ಲಿ ಯಾರಿಗೂ ಅಡ್ಡಹೆಸರು ಇಡಕೂಡದೆಂದು ಮೋರಿ ಕಟ್ಟಪ್ಪಣೆ ಮಾಡಿದ.

ಮನುಷ್ಯರ ಕಣ್ಣನ್ನು ಬದಿಗಿಟ್ಟು ಲೆಕ್ಕವನ್ನೇ ನಂಬೋಣವೆಂದರೆ, 2008ರಲ್ಲಿ ಲೆಕ್ಕವೇ ಕೈಕೊಟ್ಟಿತು. ಮೆಂಫಿಸ್ ವಿಶ್ವವಿದ್ಯಾಲಯದ ಜೋಯಿ ಡಾರ್ಸಿ ಎಂಬ ಬಲಿಷ್ಠ ಆಟಗಾರನಿಗೆ ಯಂತ್ರ ಭಾರೀ ಅಂಕ ಕೊಟ್ಟಿತು. ಪುಟಿದ ಚೆಂಡನ್ನು ಅವನಂತೆ ಬಾಚಿಕೊಳ್ಳುವವರೇ ಇರಲಿಲ್ಲ. ಅವನ ತಂಡ ಆ ವರ್ಷ ರಾಷ್ಟ್ರಮಟ್ಟದ ಫೈನಲ್ ತಲುಪಿತ್ತು. ಹೂಸ್ಟನ್ ಅವನನ್ನು ಸಂಭ್ರಮದಿಂದ ತಂದಿತು. ಕೆಲವೇ ತಿಂಗಳಲ್ಲಿ ಅವನನ್ನು ಕೆಳಹಂತದ ಕೂಟಕ್ಕೆ ಕಳಿಸಬೇಕಾಯಿತು. ಎನ್‌ಬಿಎಯಲ್ಲಿ ಅವನು ನೆಲೆ ನಿಲ್ಲಲಿಲ್ಲ. ಇನ್ನೊಂದೆಡೆ, ಒಂದೇ ವರ್ಷ ಕಾಲೇಜು ಆಡಿ ಮಂಕಾಗಿ ಕಂಡಿದ್ದ ಡಿಆಂಡ್ರೆ ಜೋರ್ಡನ್ ಎಂಬವನನ್ನು ಅದೇ ಯಂತ್ರ ತಳ್ಳಿಹಾಕಿತ್ತು. 35ನೆಯ ಸರದಿಯಲ್ಲಿ ಕ್ಲಿಪರ್ಸ್ ತಂಡ ಸೇರಿದ ಆತ ಮುಂದೆ ಸತತ ಎರಡು ಋತು ಇಡೀ ಕೂಟದಲ್ಲೇ ಪುಟಿದ ಚೆಂಡನ್ನು ಅತಿ ಹೆಚ್ಚು ಸಲ ಹಿಡಿದ, 2016ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ.

ಎಲ್ಲಿ ತಪ್ಪಿತು? ಮೋರಿ ಮತ್ತೆ ಹಳೆಯ ಅಂಕಿಗಳ ನಡುವೆ ಕುಳಿತ. ಡ್ರಾಫ್ಟಿನ ಹೊತ್ತಿಗೆ ಡಾರ್ಸಿಗೆ 24 ತುಂಬಿತ್ತು. ಮೀಸೆ ಬಲಿಯದ ಹುಡುಗರ ನಡುವೆ ನಿಂತ ಪೂರ್ತಿ ಬೆಳೆದ ಗಂಡಸು ಅವನು. ಎದುರಾಳಿ ತಂಡಗಳಲ್ಲಿ ಅನೇಕವು ದುರ್ಬಲ. ಅವನ ಎತ್ತರದ ಅಂಕಿಗಳು ಬರಲಿರುವ ಆಟದ ಸುಳಿವಾಗಿರಲಿಲ್ಲ, ಆಗಲೇ ಮುಗಿದಿದ್ದ ಬೆಳವಣಿಗೆಯ ಗುರುತಾಗಿದ್ದವು. ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಮೈಕಟ್ಟಿಗೆ ಮರುಳಾಗುವ ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಹೂಸ್ಟನ್ನಿನ ಕಂಪ್ಯೂಟರ್ ಹಲ್ಲು ನೋಡುವುದರಲ್ಲೇ ಎಡವಿತ್ತು.

ವಯಸ್ಸಿನ ಈ ಮಾಯೆಯನ್ನು ಬೇರೊಬ್ಬರು ಎಂದೋ ಕಂಡಿದ್ದರು, ಅದೂ ಆಕಸ್ಮಿಕವಾಗಿ. 1980ರ ದಶಕದ ನಡುವೆ ಕೆನಡಾದ ಲೆತ್‌ಬ್ರಿಜ್ ಊರಿನಲ್ಲಿ ಮನೋವಿಜ್ಞಾನಿ ರೋಜರ್ ಬಾರ್ನ್ಸ್‌ಲಿ ಹೆಂಡತಿ ಮಕ್ಕಳೊಡನೆ ಐಸ್ ಹಾಕಿ ಪಂದ್ಯ ನೋಡುತ್ತಿದ್ದ. ಬೇಸರ ಕಳೆಯಲು ಹೆಂಡತಿ ಪೌಲಾ ಕೈಯಲ್ಲಿದ್ದ ಪುಸ್ತಿಕೆ ತಿರುವಿದಳು. ಆಟಗಾರರ ಹುಟ್ಟಿದ ದಿನಗಳ ಮೇಲೆ ಕಣ್ಣು ಹಾಯಿತು. ಜನವರಿ, ಫೆಬ್ರವರಿ, ಮತ್ತೆ ಜನವರಿ, ಮಾರ್ಚ್! ಗಂಡ ಮನೆಗೆ ಹೋಗಿ ಬೇರೆ ಬೇರೆ ತಂಡಗಳ ಪಟ್ಟಿ ಹರಡಿಕೊಂಡು ಎಣಿಸಿದ. ಎಲ್ಲ ಕಡೆಯೂ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರದೇ ಮೇಲುಗೈ. ಕಾರಣ ಜಾತಕದಲ್ಲಿರಲಿಲ್ಲ. ಅಲ್ಲಿ ವಯೋಮಿತಿಯ ಲೆಕ್ಕ ಜನವರಿ 1ಕ್ಕೆ ಶುರುವಾಗುತ್ತಿತ್ತು. ಜನವರಿಯಲ್ಲಿ ಹುಟ್ಟಿದ ಹುಡುಗ ಡಿಸೆಂಬರಿನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಆ ಒಂದು ವರ್ಷದ ಮೈಬಲವನ್ನು ಆಯ್ಕೆಗಾರರು ಪ್ರತಿಭೆಯೆಂದು ಓದಿದ್ದರು, ಆರಿಸಿದವನಿಗೇ ಒಳ್ಳೆಯ ತರಬೇತಿಯನ್ನೂ ಕೊಟ್ಟಿದ್ದರು.

ಮೋರಿ ಲೆಕ್ಕವನ್ನು ತಿದ್ದಿದ. ವಯಸ್ಸಿಗೆ ಹೆಚ್ಚು ತೂಕ ಬಂತು. ಬಲಿಷ್ಠ ಎದುರಾಳಿಯ ಮುಂದೆ ಆಡಿದ ಆಟಕ್ಕೆ ಬೆಲೆ ಏರಿತು, ದುರ್ಬಲರ ಮೇಲೆ ಗಳಿಸಿದ್ದರ ಬೆಲೆ ಇಳಿಯಿತು. ಇನ್ನು ತಪ್ಪಲಾರದು ಎನ್ನುವ ಹೊತ್ತಿಗೆ 2010 ಬಂತು, ಜೆರೆಮಿ ಲಿನ್ ಬಂದ.

ಲಿನ್ ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಓದಿದ್ದ ಹುಡುಗ, ತೈವಾನಿನಿಂದ ವಲಸೆ ಬಂದ ದಂಪತಿಯ ಮಗ. ತಿದ್ದಿದ ಲೆಕ್ಕ ಅವನನ್ನು ಆ ವರ್ಷದ ಹೊಸಬರಲ್ಲಿ 15ನೆಯ ಸ್ಥಾನದಲ್ಲಿಟ್ಟಿತು. ಶೋಧಕರು ಒಪ್ಪಲಿಲ್ಲ. ಹುಡುಗ ಬುದ್ಧಿವಂತ, ಆದರೆ ಮೈಯಲ್ಲಿ ಚುರುಕಿಲ್ಲ ಎಂದರು. ಮೋರಿಯ ಕಣ್ಣಿಗೂ ಹಾಗೆಯೇ ಕಂಡಿತು. 60 ಹೆಸರುಗಳನ್ನು ಕೂಗಿ ಮುಗಿಸಿದರೂ ಲಿನ್‌ನ ಹೆಸರನ್ನು ಯಾರೂ ಕರೆಯಲಿಲ್ಲ. ಗೋಲ್ಡನ್ ಸ್ಟೇಟ್ ತಂಡ ಅವನನ್ನು ಸೇರಿಸಿಕೊಂಡು 2011ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಆಗ ಹೂಸ್ಟನ್ ಕರೆದುಕೊಂಡಿತು, ಕ್ರಿಸ್‌ಮಸ್ ಹಿಂದಿನ ದಿನ ಅದೂ ಕೈಬಿಟ್ಟಿತು. ಕೈಗೆ ಬಂದ ತುತ್ತನ್ನು ಮೋರಿ ಎರಡನೆಯ ಸಲ ಚೆಲ್ಲಿದ್ದ.

ನ್ಯೂಯಾರ್ಕ್ ನಿಕ್ಸ್ ತಂಡದ ಬೆಂಚಿನ ತುದಿಯಲ್ಲಿ ಲಿನ್‌ಗೆ ಜಾಗ ಸಿಕ್ಕಿತು. ನಾಳೆ ಇರುತ್ತೇನೋ ಇಲ್ಲವೋ ಎಂಬ ಸ್ಥಿತಿಯಲ್ಲಿ ಅವನು ಜೊತೆಯ ಆಟಗಾರನ ಮನೆಯ ಸೋಫಾದ ಮೇಲೆ ಮಲಗಿದ್ದ. 2012ರ ಫೆಬ್ರವರಿ 4ರಂದು, ಬೇರೆ ದಾರಿ ಕಾಣದೆ ಕೋಚ್ ಅವನನ್ನು ಅಂಗಳಕ್ಕಿಳಿಸಿದ. ಲಿನ್ 25 ಅಂಕ ಗಳಿಸಿದ. ಆರು ದಿನ ಕಳೆದು ತಾರೆ ಕೋಬಿ ಬ್ರಯಂಟ್‌ನ ಲೇಕರ್ಸ್ ತಂಡದ ಎದುರು 38 ಅಂಕ. ನಿಕ್ಸ್ ಸತತ ಏಳು ಪಂದ್ಯ ಗೆದ್ದಿತು, ನ್ಯೂಯಾರ್ಕ್ ಹುಚ್ಚೆದ್ದು ಕುಣಿಯಿತು. ಆ ಬೇಸಿಗೆಯಲ್ಲಿ ಹೂಸ್ಟನ್ ಅದೇ ಹುಡುಗನನ್ನು ಮೂರು ವರ್ಷಕ್ಕೆ ಸುಮಾರು 2.5 ಕೋಟಿ ಡಾಲರ್ ತೆತ್ತು ಮರಳಿ ಕರೆತಂದಿತು.

ಗುಟ್ಟು ಬಯಲಾದದ್ದು ಒಂದು ಅಳತೆಯಿಂದ. ಲಿನ್‌ನನ್ನು ಬಿಟ್ಟುಕೊಟ್ಟ ಡ್ರಾಫ್ಟಿನ ಮರುವರ್ಷ ಹೂಸ್ಟನ್ ತಂಡ ಆಟಗಾರರ ಮೊದಲ ಎರಡು ಹೆಜ್ಜೆಗಳ ವೇಗವನ್ನು ಅಳೆಯಲು ಶುರುಮಾಡಿತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಎದುರಾಳಿಯನ್ನು ದಾಟುವುದು ಆ ಎರಡು ಹೆಜ್ಜೆಗಳಲ್ಲೇ. ಅಳೆದವರಲ್ಲೆಲ್ಲ ಅತಿ ಚುರುಕು ಯಾರದೆಂದು ನೋಡಿದರೆ, ಜೆರೆಮಿ ಲಿನ್‌ನದು! ಮೈಯಲ್ಲಿ ಚುರುಕಿಲ್ಲ ಎಂದು ಇಷ್ಟು ಕಣ್ಣುಗಳು ಒಂದೇ ತೀರ್ಪು ಕೊಟ್ಟದ್ದೇಕೆ? ಅವನದು ಏಷ್ಯಾ ಮೂಲದ ಮುಖ ಎಂಬುದರ ಹೊರತು ಬೇರೆ ಕಾರಣ ತನಗೆ ಹೊಳೆಯುತ್ತಿಲ್ಲ ಎಂದು ಮೋರಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ.

2011ರಲ್ಲಿ ಆಟಗಾರರಿಗೂ ಮಾಲೀಕರಿಗೂ ಜಗಳವಾಗಿ ಎನ್‌ಬಿಎ ಬಾಗಿಲು ಮುಚ್ಚಿದ್ದಾಗ, ಮೋರಿ ಹಾರ್ವರ್ಡ್‌ನಲ್ಲಿ ವರ್ತನಾ ಅರ್ಥಶಾಸ್ತ್ರದ ಪಾಠಕ್ಕೆ ಕುಳಿತಿದ್ದ. ಮನಸ್ಸು ಮೊದಲು ತೀರ್ಪು ಕೊಟ್ಟು ಆಮೇಲೆ ಸಾಕ್ಷಿ ಹುಡುಕುತ್ತದೆ ಎಂಬುದನ್ನು ಅಲ್ಲಿ ಕೇಳಿ ತಿಳಿದ. ಶೋಧಕರಿಗೆ ಹೊಸ ನಿಯಮವೊಂದು ಬಂತು. ಹೊಸಬನನ್ನು ಯಾವ ಹಳೆಯ ತಾರೆಗೆ ಬೇಕಾದರೂ ಹೋಲಿಸಿ, ಆದರೆ ಆ ತಾರೆ ಬೇರೆ ಜನಾಂಗದವನಾಗಿರಬೇಕು. ಬಿಳಿಯನನ್ನು ಬಿಳಿಯನಿಗೆ, ಕರಿಯನನ್ನು ಕರಿಯನಿಗೆ ಹೋಲಿಸುತ್ತಿದ್ದ ನಾಲಗೆಗಳು ತಡವರಿಸಿದವು. ಹೋಲಿಕೆಗಳೇ ನಿಂತುಹೋದವು. ಮುಖ ಬದಿಗೆ ಸರಿದು ಆಟ ಮಾತ್ರ ಕಾಣತೊಡಗಿತು.

ಇಷ್ಟೆಲ್ಲ ಪೆಟ್ಟು ತಿಂದು ಸಿಕ್ಕ ಉತ್ತರ ನಾಲ್ಕು ಮಾತಿನದು. ಹೊಸಬನ ಆಟವನ್ನು ನಿಮಿಷದ ಲೆಕ್ಕದಲ್ಲಿ ನೋಡಬೇಕು. ಅದನ್ನು ಅವನ ವಯಸ್ಸಿನಿಂದಲೂ ಎದುರಾಳಿಯ ಬಲದಿಂದಲೂ ತೂಗಬೇಕು, ಏಕೆಂದರೆ 19ರ ಹುಡುಗ ದೊಡ್ಡವರ ನಡುವೆ ತೋರುವ ಅರ್ಧ ಆಟದಲ್ಲಿ ಇನ್ನೂ ಬೆಳೆಯುವ ಜಾಗವಿರುತ್ತದೆ. ಚುರುಕು, ಚಾಚು, ಜಿಗಿತ ಎಂದು ಕಣ್ಣು ಊಹಿಸುವುದನ್ನೆಲ್ಲ ಅಳೆದೇ ನೋಡಬೇಕು. ಕೊನೆಯದಾಗಿ, ಕಣ್ಣು ಕೊಟ್ಟ ಮೊದಲ ತೀರ್ಪನ್ನು ಪರೀಕ್ಷೆಗೆ ಒಡ್ಡಬೇಕು.

ಈ ಉತ್ತರಕ್ಕೆ ಎನ್‌ಬಿಎಯ ಹಣ ಬೇಕಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಲಾ ಕ್ರೀಡಾಕೂಟಗಳಲ್ಲೂ 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂದೇ ಮಕ್ಕಳನ್ನು ವಿಂಗಡಿಸುತ್ತಾರೆ. ಶಾಲೆಗೆ ಸೇರಿಸುವ ದಿನ ಮಾಸ್ತರರು ಬರೆದ ಜೂನ್ 1 ಎಷ್ಟೋ ಮಕ್ಕಳ ದಾಖಲೆಯಲ್ಲಿ ಹುಟ್ಟಿದ ದಿನವಾಗಿ ಕುಳಿತಿದೆ. ಸಾಲಿನಲ್ಲಿ ಎತ್ತರವಾಗಿ ಕಂಡವನು ತಂಡ ಸೇರುತ್ತಾನೆ, ಹತ್ತು ತಿಂಗಳು ಚಿಕ್ಕವನು ಮನೆಗೆ ಹೋಗುತ್ತಾನೆ. ನಿಜವಾದ ಹುಟ್ಟಿದ ತಿಂಗಳನ್ನು ಕೇಳಿ ಬರೆದುಕೊಂಡು, ಆ ಚಿಕ್ಕವನನ್ನು ಮುಂದಿನ ವರ್ಷ ಮತ್ತೊಮ್ಮೆ ಕರೆಸಿ ಅಳೆಯುವ ದೈಹಿಕ ಶಿಕ್ಷಕನಿಗೆ, ಹೂಸ್ಟನ್ ಕಳೆದುಕೊಂಡಂಥ ಹುಡುಗ ಸಿಗುವ ಸಾಧ್ಯತೆ ಖಂಡಿತ ಹೆಚ್ಚು.