ಅಂಗಳದ ಪ್ಲಾಸ್ಟಿಕ್ ಕುರ್ಚಿಗೆ ಬಣ್ಣ, ಟೇಬಲ್ಲಿಗೆ ಟೈಲ್ಸ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಊರಿಗೆ ಹೋದರೂ ಮನೆ ಮುಂದೆ ಬಿಸಿಲಿಗೆ ಬಣ್ಣ ಹೋದ ಒಂದೆರಡು ಪ್ಲಾಸ್ಟಿಕ್ ಕುರ್ಚಿ ಇದ್ದೇ ಇರುತ್ತವೆ. ಕೈಯಿಂದ ಉಜ್ಜಿದರೆ ಬಿಳಿ ಪುಡಿ ಹತ್ತುತ್ತದೆ. ಅದು ಬರೀ ಧೂಳಲ್ಲ, ಕುರ್ಚಿಯೇ ಪುಡಿಯಾಗುತ್ತಿದೆ. ಇವುಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನ್‌ನಿಂದ ಮಾಡಿದವು. ಕುರ್ಚಿಯನ್ನು ಮಗುಚಿ ನೋಡಿ, ತ್ರಿಕೋನದೊಳಗೆ 5 ಎಂದಿದ್ದರೆ ಅದೇ. ಬಿಸಿಲಿನ ಅತಿನೇರಳೆ ಕಿರಣ ಈ ಪ್ಲಾಸ್ಟಿಕ್ಕಿನ ಉದ್ದದ ಅಣುಸರಪಳಿಗಳನ್ನು ತುಂಡು ಮಾಡುತ್ತದೆ, ಆಗ ಅದು ಬಾಗುವ ಬದಲು ಮುರಿಯುತ್ತದೆ.

ಆದ್ದರಿಂದ ಬ್ರಷ್ ಹಿಡಿಯುವ ಮೊದಲು ಕಾಲುಗಳನ್ನು ಒತ್ತಿ ನೋಡಬೇಕು. ನಮ್ಮ ದಾದಿಗೆ ಮಂಡಿನೋವು, ಕುರ್ಚಿಯ ಮೇಲೆ ಕೂತೇ ನಮಾಜ್ ಮಾಡುತ್ತಾರೆ. ಮನೆಯ ನಾಲ್ಕು ಕುರ್ಚಿಗಳಲ್ಲಿ ಒಂದರ ಹಿಂಗಾಲಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಅದನ್ನು ಗುಜರಿಗೆ ಹಾಕಿದೆವು. ಬಣ್ಣ ಹಚ್ಚಿದ್ದರೆ ಬಿರುಕು ಮುಚ್ಚುತ್ತಿತ್ತು, ಕಾಲು ಗಟ್ಟಿಯಾಗುತ್ತಿರಲಿಲ್ಲ. ಮಸೀದಿಯಲ್ಲಿ, ಶಾಮಿಯಾನದ ಕೆಳಗೆ ಹಿರಿಯರಿಗೆ ಕುರ್ಚಿ ಹಾಕುವವರೂ ಇದನ್ನು ನೋಡಿಕೊಂಡರೆ ಒಳ್ಳೆಯದು.

ಗಟ್ಟಿಯಿರುವ ಕುರ್ಚಿಗೆ ಬಣ್ಣ ಹಚ್ಚಬಹುದು, ಆದರೆ ಗೋಡೆಯ ಬಣ್ಣ ನಿಲ್ಲುವುದಿಲ್ಲ. ಪಾಲಿಪ್ರೊಪಿಲೀನ್ ಮೇಲೆ ನೀರು ಹನಿಹನಿಯಾಗಿ ಜಾರುತ್ತದಲ್ಲ, ಬಣ್ಣವೂ ಹಾಗೆಯೇ ಹಿಡಿತ ಸಿಗದೆ ಒಣಗಿದ ಮೇಲೆ ಸಿಪ್ಪೆಯಂತೆ ಏಳುತ್ತದೆ. ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಪುಡಿ ಹೋಗುವವರೆಗೆ ಉಪ್ಪುಕಾಗದದಿಂದ ಉಜ್ಜಬೇಕು. ಬಳಿಕ ಪ್ಲಾಸ್ಟಿಕ್ ಪ್ರೈಮರ್. ವಾಹನಗಳ ಬಣ್ಣ ಮಾರುವ ಅಂಗಡಿಯಲ್ಲಿ ಬಂಪರ್‌ಗೆ ಹಚ್ಚುವ ಪ್ರೈಮರ್ ಎಂದು ಕೇಳಿ. ಕಾರಿನ ಬಂಪರ್‌ಗಳೂ ಹೆಚ್ಚಾಗಿ ಇದೇ ಜಾತಿಯ ಪ್ಲಾಸ್ಟಿಕ್. ಅದರ ಮೇಲೆ ಪ್ಲಾಸ್ಟಿಕ್ಕಿಗೆ ಒಗ್ಗುವ ಸ್ಪ್ರೇ ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹೊಡೆಯಬೇಕು. ನಡು ಮಧ್ಯಾಹ್ನ ಬೇಡ, ಬೆಳಿಗ್ಗೆಯ ನೆರಳು ಸಾಕು. ಮುಖಕ್ಕೆ ಮಾಸ್ಕ್ ಇರಲಿ.

(ಈ ಖರ್ಚು ಬಂಡವಾಳ ವೆಚ್ಚವೋ ಕಂದಾಯ ವೆಚ್ಚವೋ ಎಂದು ಗೆಳೆಯರೊಂದಿಗೆ ವಾದವಾಯಿತು. ಬರೀ ಅಂದಕ್ಕಾದರೆ ಕಂದಾಯ ವೆಚ್ಚ ಎಂಬುದು ನನ್ನ ಮತ.)

ಟೇಬಲ್ಲಿಗೆ ಟೈಲ್ಸ್ ಕೂರಿಸುವುದು ಇನ್ನೂ ಚೆಂದ. ಚಂಡೀಗಡದ ರಾಕ್ ಗಾರ್ಡನ್‌ನಲ್ಲಿ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ ಚೂರುಗಳಿಂದಲೇ ಗೊಂಬೆಗಳನ್ನು ಮಾಡಿದರು. ಮನೆ ಕಟ್ಟುವ ಕಡೆ ಕೇಳಿದರೆ ಚೂರುಗಳು ಪುಕ್ಕಟೆ ಸಿಗುತ್ತವೆ. ಆದರೆ ನೇರವಾಗಿ ಪ್ಲಾಸ್ಟಿಕ್ ಮೇಲೆ ಅಂಟಿಸಬೇಡಿ. ಬಿಸಿಲಿಗೆ ಈ ಪ್ಲಾಸ್ಟಿಕ್ ಟೈಲ್ಸಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಸಂಜೆ ಕುಗ್ಗುತ್ತದೆ. ಟೈಲ್ಸ್ ಕಿತ್ತು ಬರುತ್ತವೆ. ಅದಕ್ಕೆ ಟೇಬಲ್ ಮೇಲೆ ಸಿಮೆಂಟ್ ಬೋರ್ಡ್ ಇಟ್ಟು ಸ್ಕ್ರೂ ಹಾಕಿ. ಪ್ಲಾಸ್ಟಿಕ್ಕಿನ ರಂಧ್ರ ಸ್ಕ್ರೂಗಿಂತ ತುಸು ದೊಡ್ಡದಿರಲಿ, ಹಿಗ್ಗಲು ಜಾಗ ಬೇಕು. ಬೋರ್ಡಿನ ಮೇಲೆ ಟೈಲ್ ಅಂಟಿನಿಂದ ಚೂರುಗಳನ್ನು ಸಂದು ಬಿಟ್ಟು ಕೂರಿಸಿ, ಮರುದಿನ ಸಂದಿಗೆ ವೈಟ್ ಸಿಮೆಂಟ್ ತುಂಬಿ, ಒದ್ದೆ ಬಟ್ಟೆಯಿಂದ ಒರೆಸಿ. ಅಂಚಿನ ಚೂರುಗಳ ಮೊನೆಯನ್ನು ಮೊದಲೇ ಉಜ್ಜಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಟೇಬಲ್ ಈಗ ಭಾರವಾಗಿರುತ್ತದೆ, ಸರಿಸುವಾಗ ಇಬ್ಬರು ಹಿಡಿಯಬೇಕು.